ಬಂದಿದ್ದೆವು ಎಂದು ಬರಿ

ಹೆಬ್ಬೆಟ್ಟು ಒತ್ತುವುದಿಲ್ಲ ಎಂದಳು ಬೋಂಗ್ಯೋ.

ಮಡಕೆಗುಡಿಯ ಅಂಗಳದಲ್ಲಿ ಕೂತಿದ್ದ ಐವತ್ತು ಅರವತ್ತು ಜನ ತಿರುಗಿ ನೋಡಿದರು. ಶಾಯಿಡಬ್ಬಿ ಹಿಡಿದು ಬಗ್ಗಿದ್ದ ಸಿನ್ಯು ಬಗ್ಗಿದಂತೆಯೇ ನಿಂತಳು. ಸಿನ್ಯು ಬೋಂಗ್ಯೋಳ ತಮ್ಮನ ಮೊಮ್ಮಗಳು, ರಾಜಧಾನಿ ತೈಪೆಯಲ್ಲಿ ವಕೀಲಿ ಮಾಡುವವಳು. ಊರಿನ ವ್ಯಾಜ್ಯವನ್ನು ದೇಶದ ಸಂವಿಧಾನ ನ್ಯಾಯಾಲಯದವರೆಗೆ ಒಯ್ದವಳು ಅವಳೇ. ವಿಚಾರಣೆಗೆ ಇನ್ನು ಹನ್ನೆರಡು ದಿನ ಇತ್ತು.

"ಕೈ ನೋಯ್ತಿದ್ಯಾ ಅಜ್ಜಿ?"

"ನೋವೂ ಇಲ್ಲ, ಗೀವೂ ಇಲ್ಲ. ಒತ್ತಲ್ಲ ಅಂದ್ರೆ ಒತ್ತಲ್ಲ."

ಅವಳ ಹೆಬ್ಬೆಟ್ಟು ಬೀಳಬೇಕಿದ್ದ ಹೇಳಿಕೆಯಲ್ಲಿ ಇದ್ದದ್ದು ಇಷ್ಟು. ಅರವತ್ತೈದು ವರ್ಷದ ಹಿಂದೆ, ಬಯಲಿನಲ್ಲಿರುವ ಮೂಲಜನ ಇಂಥ ದಿನದೊಳಗೆ ಬಂದು ಹೆಸರು ಬರೆಸಿಕೊಳ್ಳಿ ಎಂದು ಸರ್ಕಾರ ಹೇಳಿತ್ತು. ಸಿರಾಯ ಎಂಬ ಮೂಲಜನರ ಈ ಊರಿನ ನಲವತ್ತೊಂದು ಮನೆಗಳು ಅವಧಿಯೊಳಗೇ ಕಾಗದ ಕೊಟ್ಟಿದ್ದವು. ಪಟ್ಟಣದ ನೋಂದಣಿ ಕಚೇರಿ ಅವನ್ನು ಕಳೆದುಹಾಕಿತು. ಅಂದಿನಿಂದ ಈ ಊರಿನವರು ಸರ್ಕಾರದ ಪುಸ್ತಕದಲ್ಲಿ ಮೂಲನಿವಾಸಿಗಳಲ್ಲ. ಇದಕ್ಕೆ ಸಾಕ್ಷಿ, ಕಾಗದದ ಗಂಟನ್ನು ತಾನೇ ಹೊತ್ತು ಕಚೇರಿಗೆ ಕೊಟ್ಟು ಬಂದ ಬೋಂಗ್ಯೋ, ವಯಸ್ಸು ಎಂಬತ್ತೊಂದು. ಬದುಕಿರುವ ಸಾಕ್ಷಿ ಅವಳೊಬ್ಬಳೇ.

"ಏನವ್ವ ಬೋಂಗ್ಯೋ, ಮದುಮಗಳ ಹಂಗೆ ನಾಚ್ಕೋತಿದೀಯ," ಎಂದ ಅಸುಯ್. ಅವಳಿಗಿಂತ ಎರಡು ವರ್ಷ ಚಿಕ್ಕವನು. ಇಬ್ಬರೂ ಒಂದೇ ಕೆರೆಯ ಕೂಲಿಗಳು. ಜನ ನಕ್ಕರು. ಬೋಂಗ್ಯೋ ನಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಲಾವ್ ಎದ್ದುನಿಂತ. ಲಾವ್ ಎಂದರೆ ಶಾಸನಸಭೆಯ ಸದಸ್ಯರೊಬ್ಬರ ಬಲಗೈ. ಬಿಳಿ ಅಂಗಿ, ಕೈಯಲ್ಲಿ ಅರ್ಜಿಗಳ ಕಟ್ಟು. ಬಂದವನೇ ಎಲ್ಲರಿಗೂ ತಣ್ಣಗಿನ ಚಹಾ ಹಂಚಿಸಿದ್ದ.

"ಅಜ್ಜಿ ಒತ್ತದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ. ಕೋರ್ಟಿಗೆ ಯಾಕೆ ಅಲೀತೀರಿ? ಹದಿನೈದು ಜನ ಜಡ್ಜುಗಳು ಕೂತು ಒಂದು ಮಾತಿಗೆ ಅರ್ಥ ಹೇಳ್ತಾರೆ. ಇವತ್ತಿನ ಹದಿನೈದು ಜನ ಹೂಂ ಅಂತಾರೆ. ನಾಳೆ ಬಂದ ಹದಿನೈದು ಜನ ಊಹೂಂ ಅಂತಾರೆ. ಆಗೇನು ಮಾಡ್ತೀರಿ? ನಮ್ಮ ಸಾಹೇಬ್ರು ಸಂವಿಧಾನಕ್ಕೇ ತಿದ್ದುಪಡಿ ತರ್ತಾರೆ. ನಿಮ್ಮ ಜನದ ಹೆಸರೇ ಅದರಲ್ಲಿ ಅಚ್ಚಾಗತ್ತೆ. ಆಮೇಲೆ ಯಾರಪ್ಪನೂ ಅಳಿಸೋಕಾಗಲ್ಲ."

ಮಾತು ತಪ್ಪಲ್ಲ ಎನ್ನಿಸಿ ಕೆಲವರು ತಲೆಯಾಡಿಸಿದರು. ಅಸುಯ್ ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದ.

"ತಿದ್ದುಪಡಿಗೆ ಎಷ್ಟು ಜನ ಒಪ್ಪಬೇಕಪ್ಪ?"

"ಸಭೆಯಲ್ಲಿ ಮುಕ್ಕಾಲು ಪಾಲು. ಆಮೇಲೆ ದೇಶದ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ."

"ಬಂದು ಓಟು ಹಾಕಿದೋರಲ್ಲಿ ಅರ್ಧಾನಾ?"

ಲಾವ್ ಅರ್ಜಿಗಳ ಕಟ್ಟನ್ನು ಕೈ ಬದಲಿಸಿದ. "ಅಲ್ಲ. ಒಟ್ಟು ಮತದಾರರಲ್ಲಿ ಅರ್ಧ."

"ಅಂದ್ರೆ ಮನೇಲಿ ಬಿದ್ಕೊಂಡು ಗೊರಕೆ ಹೊಡೆಯೋನೂ ನಮ್ಮನ್ನ ಬೇಡ ಅಂದಂಗೆ. ಚೆನ್ನಾಗಿ ಮೂಗಿಗೆ ತುಪ್ಪ ಸವರ್ತೀಯ ಬಿಡು. ನಮ್ಮೂರಲ್ಲಿ ನಾಯಿಗಳನ್ನ ಸೇರಿಸಿದ್ರೂ ಮುನ್ನೂರು ಆಗಲ್ಲ."

ಸಿನ್ಯು ನೆಟ್ಟಗೆ ನಿಂತಳು. "ಲಾವ್ ಅಣ್ಣ ಹೇಳೋದರಲ್ಲಿ ಒಂದು ಮಾತು ನಿಜ. ಅಚ್ಚಾದದ್ದು ಗಟ್ಟಿ. ಆದ್ರೆ ಮೂಲನಿವಾಸಿಗಳು ಅನ್ನೋ ಮಾತು ಸಂವಿಧಾನದಲ್ಲಿ ಆಗ್ಲೇ ಇದೆ. ಬೆಟ್ಟದ ಜನ ಬೀದಿಗೆ ಬಿದ್ದು ಹಾಕಿಸಿದ್ದು. ನಾವು ಆ ಮಾತಿನ ಒಳಗಿದೀವೋ ಹೊರಗಿದೀವೋ, ಅಷ್ಟೇ ಪ್ರಶ್ನೆ. ಸಂವಿಧಾನ ನಮ್ಮನ್ನ ಹೊರಗಿಟ್ಟಿಲ್ಲ. ಅದರ ಕೆಳಗಿನ ಕಾಯ್ದೆ, ಕಾಯ್ದೆ ಕೆಳಗಿನ ಖಾತೆ ಪುಸ್ತಕ, ಅವು ಹೊರಗಿಟ್ಟಿವೆ."

"ದೇವರು ಕೊಟ್ರೂ ಪೂಜಾರಿ ಕೊಡ," ಎಂದ ಅಸುಯ್.

"ಸರ್ಕಾರದ ಕೈಲಿರೋದು ಒಂದೇ ವಾದ. ಅವಧಿ ಕೊಟ್ಟಿದ್ವಿ, ಅವರೇ ಬರಲಿಲ್ಲ. ಅಜ್ಜಿ ಹೆಬ್ಬೆಟ್ಟು ಬಿದ್ರೆ ಆ ವಾದ ಅಲ್ಲೇ ಸತ್ತುಹೋಗತ್ತೆ."

ಎಲ್ಲರೂ ಬೋಂಗ್ಯೋಳ ಕೈ ನೋಡಿದರು. ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಿತ್ತು, ಆದರೆ ಯಾರೂ ಅವಳನ್ನು ಕಳ್ಳಿ ಎಂದಿರಲಿಲ್ಲ. ಅದೇ ಕಷ್ಟವಾಗಿತ್ತು.

"ಒತ್ತವ್ವ," ಎಂದ ಅಸುಯ್. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಕಾಗದ ಕಳೆದ ಆ ಗುಮಾಸ್ತ ಸತ್ತು ಮೂಳೆಯಾಗಿರಬೇಕು. ಆದ್ರೂ ದಿನಾ ಬೆಳಿಗ್ಗೆ ಅವನ ವಂಶಕ್ಕೆ ಶಾಪ ಹಾಕಿ ಆಮೇಲೆ ಗಂಜಿ ಕುಡೀತೀನಿ. ನನ್ನ ಮಗಳ ಮೂರು ಬೆರಳಿಗಾದ್ರೂ ಒತ್ತು."

ಬೋಂಗ್ಯೋ ಎದ್ದು ಹೊರಟುಬಿಟ್ಟಳು. ಗುಡಿಯೊಳಗೆ ಊರಿನ ದೇವರಾಗಿ ಬಾಳೆಯೆಲೆಯ ಮೇಲೆ ಕೂತಿದ್ದ ಮಡಕೆಗಳ ಕಡೆ ತಿರುಗಿಯೂ ನೋಡಲಿಲ್ಲ. ಅಮಾವಾಸ್ಯೆ ಕಳೆದ ಮೊದಲ ದಿನ, ಹುಣ್ಣಿಮೆಯ ದಿನ, ಆ ಮಡಕೆಗಳ ನೀರು ಬದಲಿಸಬೇಕು. ಊರಿನ ಹೆಂಗಸರಿಗೆ ಸರದಿಯ ಕೆಲಸ. ಹೊಟ್ಟೆಯಲ್ಲಿ ಸುಳ್ಳಿಟ್ಟುಕೊಂಡು ಆ ನೀರು ಮುಟ್ಟಬಾರದು ಎಂಬುದು ಊರಿನ ಕಟ್ಟು. ಗಂಡ ಸತ್ತು ಪಟ್ಟಣದಿಂದ ತವರಿಗೆ ಬಂದು ಮೂವತ್ತು ವರ್ಷ. ಒಂದು ಸಲವೂ ಅವಳು ಸರದಿ ತೆಗೆದುಕೊಂಡಿರಲಿಲ್ಲ. ಬೆನ್ನು ನೋವು, ಸೊಂಟ ನೋವು ಎಂದು ಏನಾದರೊಂದು ಹೇಳುತ್ತಿದ್ದಳು. ಜನ ನಂಬಿದ್ದರು. ಕೆರೆಯ ಕೂಲಿಗೆ ಸೊಂಟ ನೋಯದೆ ಇರುತ್ತದೆಯೇ?

*

ಕೆರೆಯ ನೀರು ಸೊಂಟಕ್ಕೆ ಬರುತ್ತದೆ. ಕೆಳಗೆ ಕೆಸರು ಮೊಣಕಾಲಿಗೆ ಬರುತ್ತದೆ. ಎರಡು ಕೊಂಬಿನ ಕಪ್ಪುಕಾಯಿ ನೀರಿನ ಮೇಲೆ ಹರಡಿದ ಎಲೆಗಳ ಅಡಿ ಬಿಡುತ್ತದೆ. ಬಗ್ಗಬೇಕು, ಎಲೆಯ ಚಕ್ರವನ್ನು ಮಗುಚಬೇಕು, ಕಾಯಿ ಕಿತ್ತು ತೇಲುವ ತೊಟ್ಟಿಗೆ ಹಾಕಬೇಕು, ತೊಟ್ಟಿಯನ್ನು ಮುಂದಕ್ಕೆ ನೂಕಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ. ಕಾಯಿಯ ಕೊಂಬು ಬೆರಳ ಸಂದಿಗೆ ಚುಚ್ಚುತ್ತದೆ. ಚರ್ಮ ನೆನೆದು ಬೆಳ್ಳಗಾಗಿ ಸುಲಿದು ಬರುತ್ತದೆ. ಜಿಗಣೆ ತೊಡೆಗೆ ಹತ್ತುತ್ತದೆ. ಕೆರೆ ಪಟ್ಟಣದವರದು. ಒಂದು ಕಾಲಕ್ಕೆ ಸಿರಾಯರದೇ ಆಗಿತ್ತು. ಅದನ್ನು ಹೇಳಿ ಏನು ಪ್ರಯೋಜನ?

ಆ ಮಧ್ಯಾಹ್ನ ಬೋಂಗ್ಯೋ ಕೆರೆಗೆ ಇಳಿಯಲಿಲ್ಲ. ಏರಿಯ ಮೇಲೆ ಕೂತು ಮೂಡಣ ಮೂಲೆಯನ್ನೇ ನೋಡುತ್ತಿದ್ದಳು. ಮೂವತ್ತು ವರ್ಷದಲ್ಲಿ ಆ ಮೂಲೆಯ ಕಾಯಿಗೆ ಅವಳು ಕೈಹಾಕಿದವಳಲ್ಲ.

ಆಗ ಅವಳಿಗೆ ಹದಿನಾರು. ಬೋಂಗ್ಯೋ ಎಂದರೆ ಹೇಗೋ ಬೆಳೆಯಲಿ ಬಿಡಿ ಎಂದು ಅರ್ಥ. ಮೂರನೆಯದೂ ಹೆಣ್ಣಾದಾಗ ಅಜ್ಜಿ ಇಟ್ಟ ಹೆಸರು. ಹೇಗೋ ಬೆಳೆದಳು, ಆರು ಕ್ಲಾಸು ಓದಿದಳು. ಊರಿನ ಯಜಮಾನ ಅವಳಪ್ಪ ತಿಯಾಮ್. ಮನೆಮನೆ ತಿರುಗಿ ಹಳೆಯ ಖಾತೆಯ ನಕಲು ಒಟ್ಟುಮಾಡಿದ, ಹೆಬ್ಬೆಟ್ಟು ಒತ್ತಿಸಿದ. ನಲವತ್ತೊಂದು ಮನೆ. ಕೆಲವರ ಹೆಬ್ಬೆಟ್ಟಿನ ಗೆರೆಗಳು ಕೆರೆನೀರಲ್ಲಿ ಸವೆದುಹೋಗಿದ್ದವು, ಕಾಗದದ ಮೇಲೆ ಬರೀ ಕೆಂಪು ಮಚ್ಚೆ ಬಿದ್ದಿತ್ತು. ಓದು ಬಲ್ಲವಳು ಎಂದು ಮಗಳ ಬೆನ್ನಿಗೆ ಗಂಟು ಕಟ್ಟಿ ಕಳಿಸಿದ. "ಕೈಗೆ ಕೊಟ್ಟು ಬಾ. ಮೇಜಿನ ಮೇಲೆ ಇಟ್ಟು ಬರಬೇಡ," ಎಂದಿದ್ದ.

ಜಪಾನಿ ದೊರೆಗಳು ಬಿಟ್ಟುಹೋದ ಆ ಹಳೆಯ ಖಾತೆಯಲ್ಲಿ ಒಂದೊಂದು ಹೆಸರಿನ ಮೇಲೂ ಒಂದು ಅಕ್ಷರ. ಬೆಟ್ಟದ ಜನರ ಹೆಸರಿನ ಮೇಲೆ 'ಹಸಿ'. ಬಯಲಿಗೆ ಇಳಿದು, ಬಟ್ಟೆ ತೊಟ್ಟು, ಕಂದಾಯ ಕಟ್ಟಿದವರ ಮೇಲೆ 'ಬೆಂದ'. ಮನುಷ್ಯರ ಮೇಲೆ ಹೀಗೆ ಬರೆದ ಕೈಗೆ ಹುಳ ಬೀಳಲಿಲ್ಲ. ಆಮೇಲೆ ಬಂದ ಸರ್ಕಾರ ಅದೇ ಪುಸ್ತಕ ಇಟ್ಟುಕೊಂಡಿತು.

ಗುಮಾಸ್ತ ಗಂಟು ಬಿಚ್ಚಿದ. ಮೊದಲ ಹಾಳೆ ನೋಡಿ ನಕ್ಕ.

"ಬೆಂದದ್ದು ಅಂತ ಬರೆದಿದೆ. ಬೆಂದೋರು ಮತ್ತೆ ಹಸಿ ಆಗೋಕೆ ಬಂದಿದೀರಾ?"

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಸಾಲಿನಲ್ಲಿ ನಿಂತಿದ್ದ ಗಂಡಸರು, ಮೂಲೆಯಲ್ಲಿ ಅಬಾಕಸ್ ಮಣಿ ತಳ್ಳುತ್ತಿದ್ದ ಇನ್ನೊಬ್ಬ ಗುಮಾಸ್ತ. ಆ ಇನ್ನೊಬ್ಬನನ್ನು ಬೋಂಗ್ಯೋ ಗುರುತಿಸಿದಳು. ಪಟ್ಟಣದ ಒಣಮೀನಂಗಡಿಯ ಮಗನ ಜೊತೆ ಅವಳ ಮದುವೆ ಗೊತ್ತಾಗಿತ್ತು, ಒಂದು ತಿಂಗಳಿತ್ತು. ಅವನು ಹುಡುಗನ ಸೋದರಮಾವ. ಹುಡುಗಿಯ ಕಡೆಯವರೂ ಪಟ್ಟಣದವರಂತೆಯೇ ಹಾನ್ ಜನ, ತೋಟದ ಕೆಲಸದವರು ಎಂದು ಮದುವೆದಲ್ಲಾಳಿ ಅವರಿಗೆ ಹೇಳಿದ್ದಳು.

"ನೋಡೋಣ, ನಿಜವಾಗ್ಲೂ ಕಾಡುಜನಾನಾ ಅಂತ," ಎಂದ ಗುಮಾಸ್ತ. "ಕಾಲೆತ್ತು. ಸ್ಟೂಲ್ ಮೇಲಿಡು."

ಕಾಲಿನ ಕಿರುಬೆರಳಿನ ಉಗುರು ಎರಡಾಗಿ ಸೀಳಿದ್ದರೆ ಹಾನ್ ಜನ, ಇಡಿಯಾಗಿದ್ದರೆ ಕಾಡಿನವರು ಎಂಬುದು ಆ ಕಡೆಯ ನಂಬಿಕೆ. ಕತ್ತೆಯ ಹಲ್ಲು ನೋಡುವಂತೆ ಮನುಷ್ಯರ ಉಗುರು ನೋಡುತ್ತಾರೆ. ಬೋಂಗ್ಯೋ ಕಾಲಿಟ್ಟಳು. ಬರಿಗಾಲು. ಎರಡು ಗಂಟೆ ನಡೆದ ಕೆಸರು ಒಣಗಿತ್ತು. ಗುಮಾಸ್ತ ಪೆನ್ಸಿಲಿನ ತುದಿಯಿಂದ ಕೆಸರು ಕೆದಕಿದ.

"ಬನ್ರೋ, ನೋಡಿ. ಇಡೀ ಉಗುರು."

ಬಂದರು. ನೋಡಿದರು. ಸೋದರಮಾವನೂ ಅಬಾಕಸ್ ಬಿಟ್ಟು ಏಳತೊಡಗಿದ.

ಅವಳು ಕಾಲು ಎಳೆದುಕೊಂಡಳು. "ನಾನು ಆ ಊರೋಳಲ್ಲ," ಎಂದಳು. "ಯಾರೋ ಕೊಟ್ಟು ಕಳಿಸಿದ್ರು. ನಮಗೂ ಅವರಿಗೂ ಸಂಬಂಧ ಇಲ್ಲ." ಗಂಟು ಎತ್ತಿಕೊಂಡು ಮುಖ ತಿರುಗಿಸಿ ಓಡಿದಳು.

ಅಷ್ಟೇ ಆಗಿದ್ದರೆ ಚಿಕ್ಕ ಹುಡುಗಿ, ಹೆದರಿದಳು ಎನ್ನಬಹುದಿತ್ತು. ಅವಧಿಗೆ ಇನ್ನೂ ಒಂಬತ್ತು ದಿನ ಇತ್ತು. ಅಪ್ಪನಿಗೆ ಹೇಳಿದ್ದರೆ ಅವನೇ ಹೋಗುತ್ತಿದ್ದ. ಅವಳು ಕೆರೆಯ ಮೂಡಣ ಮೂಲೆಗೆ ಹೋದಳು. ಗಂಟಿಗೆ ಕಲ್ಲು ಕಟ್ಟಿದಳು. ಮುಳುಗುವವರೆಗೂ ನಿಂತು ನೋಡಿದಳು. ಮನೆಗೆ ಬಂದು, "ಕೈಗೇ ಕೊಟ್ಟೆ," ಎಂದಳು. ಅಪ್ಪ ಆ ದಿನ ಹೂಮೀನು ತಂದು ಸಾರು ಮಾಡಿಸಿದ. ತಲೆಯ ತುಂಡು ಅವಳಿಗೇ ಹಾಕಿಸಿದ.

ಮದುವೆ ಆಯಿತು. ಗಂಡ ಕುಡಿದಾಗಲೆಲ್ಲ ಕಾಡುಮುಂಡೆ ಎಂದೇ ಕರೆದ. ಅವನಿಗೆ ಮೊದಲೇ ಗೊತ್ತಿತ್ತಂತೆ.

*

ಮರುದಿನ ಬೆಳಿಗ್ಗೆ ಅವಳು ಅಸುಯ್‌ನ ಮನೆಗೆ ಹೋದಳು. ಅಂಗಳದಲ್ಲಿ ಅವನ ಮಗಳು ಲೇಕುನ್ ಕಪ್ಪುಕಾಯಿಯ ಸಿಪ್ಪೆ ಬಿಡಿಸುತ್ತಿದ್ದಳು. ಎಡಗೈಯಲ್ಲಿ ಉಳಿದಿದ್ದು ಹೆಬ್ಬೆರಳು, ತೋರುಬೆರಳು ಎರಡೇ. ಆ ಎರಡರ ನಡುವೆ ಕಾಯಿಯನ್ನು ಸಿಕ್ಕಿಸಿ ಬಲಗೈಯ ಚಾಕುವಿನಿಂದ ಸೀಳುತ್ತಿದ್ದಳು. ಮೂವತ್ತೆಂಟು ವರ್ಷದ ಹಿಂದೆ, ಹದಿನೆಂಟರಲ್ಲಿ, ಲೇಕುನ್ ಮೇಷ್ಟರ ತರಬೇತಿಗೆ ಆಯ್ಕೆಯಾಗಿದ್ದಳು. ಮೂಲಜನರಿಗೆ ಮೀಸಲಾದ ಸೀಟು, ಫೀಸಿಲ್ಲ, ಊಟ ವಸತಿ ಅವರದೇ. ಪ್ರಮಾಣಪತ್ರ ಎಲ್ಲಿ ಎಂದರು. ಪುಸ್ತಕದಲ್ಲಿ ಹೆಸರಿರಲಿಲ್ಲ. ವಾಪಸು ಕಳಿಸಿದರು. ಬೂಟಿನ ಕಾರ್ಖಾನೆಗೆ ಸೇರಿದಳು. ನಾಲ್ಕನೇ ತಿಂಗಳು ಅಟ್ಟೆ ಒತ್ತುವ ಯಂತ್ರ ಮೂರು ಬೆರಳು ತಿಂದಿತು. ಬೋಂಗ್ಯೋ ಆಗ ಪಟ್ಟಣದಿಂದ ಆಸ್ಪತ್ರೆಗೆ ಸಾರು ಹೊತ್ತುಕೊಂಡು ಹೋಗಿದ್ದಳು. ಹದಿನೇಳು ದಿನ. ಎಂಥಾ ತಾಯಿ ಕರುಳು ಎಂದು ಊರೆಲ್ಲ ಹೊಗಳಿತ್ತು.

"ಕೂತ್ಕೊಳ್ಳಿ ದೊಡ್ಡಮ್ಮ," ಎಂದಳು ಲೇಕುನ್.

ಬೋಂಗ್ಯೋ ಕೂರಲಿಲ್ಲ. ನಿಂತೇ ಹೇಳಿದಳು. ಸ್ಟೂಲು, ಉಗುರು, ಪೆನ್ಸಿಲು, ಕಲ್ಲು. ಎಲ್ಲ ಹೇಳಿದಳು. ಅಳಲಿಲ್ಲ. ಅಳುವ ಹಕ್ಕು ತನಗಿಲ್ಲ ಎನ್ನಿಸಿತ್ತು.

ಅಸುಯ್ ಹಲ್ಲುಜ್ಜುತ್ತಾ ಬಂದವನು ಬಾಗಿಲಲ್ಲೇ ನಿಂತು ಕೇಳಿದ. ಬಾಯಿ ಮುಕ್ಕಳಿಸಿ ಉಗಿದ. 

"ಮೂವತ್ತೆಂಟು ವರ್ಷ," ಎಂದ. "ಮೂವತ್ತೆಂಟು ವರ್ಷ ಸತ್ತಿರೋ ಯಾವನಿಗೋ ಶಾಪ ಹಾಕ್ದೆ. ಶಾಪ ತಿನ್ನಬೇಕಾದೋಳು ನನ್ನ ಪಕ್ಕದಲ್ಲೇ ಕಾಯಿ ಕೀಳ್ತಿದ್ದಳು. ನನ್ನ ಜೊತೇಲೇ ಬುತ್ತಿ ಬಿಚ್ಚುತಿದ್ದಳು."

"ಹೌದು."

"ಒಂದು ಮದುವೆಗೆ. ಒಣಮೀನು ಮಾರೋನ ಮನೆಗೆ ಸೊಸೆ ಆಗೋಕೆ. ಥೂ."

"ಹೌದು."

"ಹೌದು ಹೌದು ಅನ್ಬೇಡ. ಬಾಯಿ ಮುಚ್ಚು. ಇನ್ನ ನನ್ನ ಅಂಗಳಕ್ಕೆ ಕಾಲಿಡಬೇಡ." ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಲೇಕುನ್ ಚಾಕು ಕೆಳಗಿಟ್ಟಿರಲಿಲ್ಲ. "ಕಾಲು ತೋರಿಸು ಅಂದಾಗ ತೋರಿಸ್ದೆಯಾ?" ಎಂದು ಕೇಳಿದಳು.

"ತೋರಿಸ್ದೆ."

"ಕಾರ್ಖಾನೆ ಅರ್ಜೀಲಿ ಮೂಲ ಯಾವುದು ಅಂತ ಒಂದು ಖಾನೆ ಇತ್ತು. ನಾನೂ ಹಾನ್ ಅಂತ ಬರ್ದೆ. ಹಾಸ್ಟೆಲ್‌ನಲ್ಲಿ ಜೊತೆ ಮಲಗೋ ಹುಡುಗೀರಿಗೂ ಹೇಳ್ಲಿಲ್ಲ. ಬೆರಳು ಹೋದ ದಿನ ಅಪ್ಪ ಬಂದು ನಮ್ಮ ಮಾತಲ್ಲಿ ಅತ್ರು. ನಂಗೆ ಬೆರಳಿಗಿಂತ ಅದೇ ಅವಮಾನ ಆಯ್ತು." ಒಂದು ಕಾಯಿ ಸೀಳಿ ಬುಟ್ಟಿಗೆ ಹಾಕಿದಳು. "ನಿನ್ನನ್ನ ಕ್ಷಮಿಸ್ತೀನಿ ಅಂತಲ್ಲ. ಕ್ಷಮಿಸಲ್ಲ. ಹೋಗು ಈಗ."

*

ಸಿನ್ಯು ಕೇಳಿ ತಲೆಯ ಮೇಲೆ ಕೈಹೊತ್ತು ಕೂತಳು.

"ಮೂರು ವರ್ಷದ ಕೆಲಸ ಅಜ್ಜಿ. ಮೂರು ವರ್ಷ. ಇಡೀ ಮೊಕದ್ದಮೆ ಈ ಗಂಟಿನ ಮೇಲೆ ನಿಂತಿದೆ."

"ಗಂಟು ಕೆರೇಲಿದೆ."

"ಯಾರಿಗೆ ಗೊತ್ತು? ಅಸುಯ್ ತಾತ ಹೇಳಲ್ಲ. ನೀವು ಒತ್ತಬೇಡಿ, ಬಿಡಿ. ಸುಮ್ಮನಿದ್ದುಬಿಡಿ. ಸುಮ್ಮನಿರೋದು ಸುಳ್ಳಲ್ಲ."

ವಕೀಲಳಾಗಿ ಅವಳು ಅಂದದ್ದು ಸರಿಯೇ ಇರಬಹುದು. ಅತ್ತ ದರಿ, ಇತ್ತ ಪುಲಿ. ಸತ್ಯ ಹೇಳಿದರೆ ಸರ್ಕಾರದ ವಾದ ಗೆಲ್ಲುತ್ತದೆ, ಸುಮ್ಮನಿದ್ದರೆ ಊರಿನ ವಾದ ಸುಳ್ಳಿನ ಮೇಲೆ ನಿಲ್ಲುತ್ತದೆ.

"ಒಂದ್ಸಲ ಸುಮ್ಮನಿದ್ದೆ," ಎಂದಳು ಬೋಂಗ್ಯೋ. "ಅರವತ್ತೈದು ವರ್ಷ ಆಯ್ತು. ಇನ್ನ ಆಗಲ್ಲ. ಇದ್ದದ್ದು ಇದ್ದ ಹಾಗೆ ಬರಿ. ಬಂದಿದ್ದಳು. ಕಾಲು ನೋಡಿದ್ರು. ನಾಚ್ಕೊಂಡು ಓಡಿದಳು. ಕೆರೆಗೆ ಹಾಕಿದಳು. ಅದಕ್ಕೆ ಹತ್ತೂ ಬೆರಳು ಒತ್ತುತೀನಿ."

ಸಿನ್ಯು ಆ ಹಳೆಯ ಹೇಳಿಕೆಯನ್ನು ಕೈಗೆತ್ತಿಕೊಂಡಳು. ಆಮೇಲೆ ಅದನ್ನು ನಾಲ್ಕಾಗಿ ಹರಿದಳು.

"ಸೋತ್ರೆ?"

"ಸೋತ್ರೆ ನನ್ನಿಂದ ಸೋತ್ರಿ ಅಂತ ಜನ ನನ್ನ ಮುಖಕ್ಕೆ ಉಗೀಲಿ. ಹೊಸದೇನಲ್ಲ."

*

ತೈಪೆಯ ಆ ಸಭಾಂಗಣದಲ್ಲಿ ಚಳಿಯೋ ಚಳಿ. ಹೊರಗೆ ಬಿಸಿಲು, ಒಳಗೆ ಯಂತ್ರದ ತಣ್ಣನೆ ಗಾಳಿ. ಊರಿನಿಂದ ಬಸ್ಸು ಮಾಡಿಕೊಂಡು ಹೋಗಿದ್ದರು. ಅಸುಯ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದ, ದಾರಿಯುದ್ದಕ್ಕೂ ಅವಳ ಕಡೆ ನೋಡಲಿಲ್ಲ.

ಸರ್ಕಾರದ ವಕೀಲ ಒಳ್ಳೆಯ ಮನುಷ್ಯನಂತೆ ಕಂಡ. ಮೆತ್ತಗೆ ಮಾತಾಡಿದ. "ಸಂವಿಧಾನದಲ್ಲಿ ಆ ಮಾತು ಬರೆದವರ ಮನಸ್ಸಿನಲ್ಲಿ ಈ ಜನ ಇರಲಿಲ್ಲ. ಹೊಸಬರನ್ನು ಸೇರಿಸಬೇಕೆಂದರೆ ದಾರಿ ಇದೆ. ಜನರ ಮುಂದೆ ಹೋಗಿ, ತಿದ್ದುಪಡಿ ಮಾಡಿ. ಅರ್ಥ ಹೇಳುತ್ತೇವೆಂದು ಹದಿನೈದು ಜನ ಸಂವಿಧಾನ ಬರೆಯಲು ಕೂತರೆ, ನಾಳೆ ಯಾರಿಗೆ ಯಾವ ಮಾತಿನ ಭರವಸೆ? ಇನ್ನು ಇವರಿಗೆ ಅವಧಿ ಕೊಟ್ಟಿತ್ತು. ಇವರು ಬರಲಿಲ್ಲ. ಯಾರೂ ತಡೆದಿರಲಿಲ್ಲ."

ಸಿನ್ಯು ತನ್ನ ಸಮಯದಲ್ಲಿ ಮೂರು ನಿಮಿಷ ಅಜ್ಜಿಗೆ ಬಿಟ್ಟುಕೊಟ್ಟಳು.

ಬೋಂಗ್ಯೋ ಎದ್ದಳು. ಮೈಕಿನ ಎದುರು ನಿಂತಳು. ಹದಿನೈದು ಜನ ಎತ್ತರದಲ್ಲಿ ಕೂತಿದ್ದರು.

"ನಾನು ಬಂದಿದ್ದೆ. ನಲವತ್ತೊಂದು ಮನೆ ಕಾಗದ ಬೆನ್ನ ಮೇಲಿತ್ತು. ಗುಮಾಸ್ತ ಕಾಗದ ನೋಡ್ಲಿಲ್ಲ, ಕಾಲು ನೋಡ್ದ. ಸ್ಟೂಲಿನ ಮೇಲಿಡಿಸಿ ಎಲ್ಲರನ್ನೂ ಕರೆದು ತೋರಿಸ್ದ. ನಾಚಿಕೆ ಆಯ್ತು. ವಾಪಸ್ ತಗೊಂಡ್ಹೋಗಿ ಕೆರೆಗೆ ಹಾಕಿದೆ. ಹಾಕಿದ್ದು ನಾನು. ಅದು ನನ್ನ ಪಾಪ, ಅದನ್ನ ಬೇರೆಯೋರ ಮೇಲೆ ಹಾಕೋಕೆ ಬಂದಿಲ್ಲ. ಆದ್ರೆ ಆ ನಾಚಿಕೆ ನಮ್ಮಮ್ಮನ ಹೊಟ್ಟೇಲಿ ಹುಟ್ಟಿದ್ದಲ್ಲ. ನಿಮ್ಮ ಪುಸ್ತಕದಲ್ಲಿ ಬೆಂದದ್ದು ಅಂತ ಬರೆದಿದ್ರಿ. ಬೆಂದದ್ದು ಅಂದ್ರೆ ಗೆಣಸು, ಮನುಷ್ಯರಲ್ಲ. ಕಾಲೆತ್ತಿಸಿದೋರೇ ಇವತ್ತು ಯಾರೂ ತಡೀಲಿಲ್ಲ ಅಂತೀರಿ."

ಮಧ್ಯದಲ್ಲಿ ಕೂತಿದ್ದ ನ್ಯಾಯಮೂರ್ತಿಯೊಬ್ಬರು, ಹೆಂಗಸು, ಮುಂದಕ್ಕೆ ಬಾಗಿದರು. "ತಿದ್ದುಪಡಿ ಮಾಡಿಸಿಕೊಳ್ಳಿ, ಅದೇ ಗಟ್ಟಿ ದಾರಿ ಅಂತ ಅವರು ಹೇಳುತ್ತಿದ್ದಾರಲ್ಲ, ಅದಕ್ಕೆ ನೀವೇನು ಹೇಳುತ್ತೀರಿ?"

"ಗಟ್ಟೀನೇ ಇರಬಹುದು. ಅರ್ಧ ದೇಶ ಕೈ ಎತ್ತಬೇಕಂತೆ, ನಾವು ಇದೀವಿ ಅನ್ನೋಕೆ. ಅವತ್ತು ನಾನು ಅವರ ಮುಂದೆ ಕಾಲೆತ್ತಿದೆ. ಇವತ್ತು ಅವರು ಕೈಯೆತ್ತಲಿ ಅಂತ ಬಾಯಿ ಬಿಟ್ಕೊಂಡು ಕೂತಿರಲಾ? ಆಗಲ್ಲ. ನನಗೆ ಎಂಬತ್ತೊಂದು. ಮಾತು ಪುಸ್ತಕದಲ್ಲಿದೆ ಅಂತ ನನ್ನ ಮೊಮ್ಮಗಳು ಹೇಳ್ತಾಳೆ. ಇದ್ರೆ ಅದು ನಮ್ಮದೂ ಹೌದು. ನಾನು ಮುಳುಗಿಸಿದ್ದು ಕಾಗದ. ಜನ ಮುಳುಗಿಲ್ಲ. ಇಲ್ಲೇ ಹಿಂದಿನ ಸಾಲಲ್ಲಿ ಕೂತಿದಾರೆ, ನೋಡಿ."

ಕೆಲವರು ನೋಡಿದರು. ಕೆಲವರು ಕಾಗದ ನೋಡಿಕೊಂಡರು. ಸಮಯ ಮುಗಿದ ಗಂಟೆ ಆಯಿತು. ತೀರ್ಪನ್ನು ಮುಂದೆ ತಿಳಿಸುತ್ತೇವೆ ಎಂದರು.

ಹೇಳಿಕೊಂಡರೆ ಹಗುರಾಗುತ್ತದೆ ಎನ್ನುತ್ತಾರೆ. ಸುಳ್ಳು. ವಾಪಸು ಬರುವ ಬಸ್ಸಿನಲ್ಲಿ ಬೋಂಗ್ಯೋಳ ಪಕ್ಕದ ಸೀಟು ಖಾಲಿಯೇ ಇತ್ತು. ಹಿಂದೆ ಯಾರೋ ಹೆಂಗಸು ಪಿಸುಗುಟ್ಟಿದಳು, "ನಮ್ಮಪ್ಪ ಸಾಯೋವರ್ಗೂ ಕಚೇರಿಯಿಂದ ಕಾಗದ ಬರತ್ತೆ ಅಂತ ಕಾಯ್ತಿದ್ರು." ಬೋಂಗ್ಯೋ ಕೇಳಿಸಿಕೊಂಡಳು. ಕೇಳಿಸಿಕೊಳ್ಳಬೇಕಾದದ್ದೇ.

*

ಒಂದು ವಾರ ಕಳೆದು ಲೇಕುನ್ ಬಂದಳು. ಕೈಯಲ್ಲಿ ತನ್ನ ಮನೆಯ ಹಳೆಯ ಖಾತೆಯ ಹೊಸ ನಕಲು. ಕೆಳಗೆ ಅಸುಯ್‌ನ ಹೆಬ್ಬೆಟ್ಟು.

"ತೀರ್ಪು ಏನಾದ್ರೂ ಬರಲಿ. ಬರಲಿಲ್ಲ ಅಂತ ಇನ್ನೊಂದ್ಸಲ ಯಾವನೂ ಅನ್ನಬಾರದು. ಎಲ್ಲ ಮನೇದೂ ಒಟ್ಟು ಮಾಡು. ನೀನೇ ತಗೊಂಡು ಹೋಗು."

"ನನ್ನ ಕೈಗೆ ಕೊಡ್ತೀರಾ?"

"ಅಪ್ಪ ಹಿಂದೆ ಬರ್ತಾರಂತೆ. ಕೆರೆ ದಾಟೋವರ್ಗೂ ಕಣ್ಣು ತೆಗೆಯಲ್ಲ ಅಂದ್ರು."

ಬೋಂಗ್ಯೋ ಮನೆಮನೆ ಹತ್ತಿ ಇಳಿದಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಬೈದು ಕಾಗದ ಕೊಟ್ಟರು. ಒಬ್ಬ ಮುದುಕಿ ಕೊಡಲಿಲ್ಲ. ಮೂರನೇ ಸಲ ಹೋದಾಗ ಕೊಟ್ಟಳು. ಹತ್ತೊಂಬತ್ತು ಮನೆ ಆಯಿತು. ಉಳಿದ ಇಪ್ಪತ್ತೆರಡು ಮನೆಯವರು ಸತ್ತು, ಚದುರಿ, ಹೆಸರು ಬದಲಿಸಿ, ಯಾರು ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ.

ಅವಳು ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಳು. ಬಸ್ಸು ಹತ್ತಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಅಸುಯ್ ಕೋಲೂರಿಕೊಂಡು ಬರುತ್ತಿದ್ದ. ಅವನ ಹಿಂದೆ ಲೇಕುನ್, ಊರಿನ ಹತ್ತಾರು ಜನ. ಕೆರೆಯ ಮೂಡಣ ಮೂಲೆ ಬಂದಾಗ ಅವಳ ಕಾಲು ತಾನಾಗಿ ನಿಂತಿತು.

"ನಡಿ," ಎಂದ ಅಸುಯ್ ಹಿಂದಿನಿಂದ. ಆ ಬೆಳಗಿನ ಮೇಲೆ ಅವಳ ಜೊತೆ ಅವನಾಡಿದ ಮೊದಲ ಮಾತು ಅದು. ಅವಳು ನಡೆದಳು.

ಕಚೇರಿ ಈಗ ಗಾಜಿನದು. ಕೌಂಟರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಗುಮಾಸ್ತ. ಎದ್ದು ನಿಂತು ನಮಸ್ಕರಿಸಿ, ಕುರ್ಚಿ ತೋರಿಸಿದ. ಗಂಟು ಬಿಚ್ಚಿ ನೋಡಿ ಪೇಚಿಗೆ ಸಿಕ್ಕ.

"ಅಜ್ಜಿ, ಇದನ್ನ ತಗೊಳ್ಳೋಕೆ ನಮಗೆ ಆದೇಶ ಇಲ್ಲ. ತೀರ್ಪು ಬರಬೇಕು, ಆಮೇಲೆ ಕಾಯ್ದೆ ಆಗಬೇಕು. ಆಗ ಅವಧಿ ಪ್ರಕಟ ಮಾಡ್ತೀವಿ. ಆಗ ಬನ್ನಿ."

"ತಗೋಬೇಡ."

"ಹಾಗಾದ್ರೆ?"

"ಬಂದಿದ್ರು ಅಂತ ಬರಿ. ಇವತ್ತಿನ ತಾರೀಕು ಹಾಕು, ಮೊಹರು ಒತ್ತು. ಅಷ್ಟೇ ಸಾಕು."

"ಅದಕ್ಕೂ ನಮೂನೆ ಇಲ್ಲ ಅಜ್ಜಿ."

ಬೋಂಗ್ಯೋ ಕುರ್ಚಿಯ ಮೇಲೆ ಕೂರಲಿಲ್ಲ. ಕೌಂಟರಿನ ಮುಂದೆ ನೆಲದ ಮೇಲೆ ಕೂತಳು. ಅಸುಯ್ ಬಂದು ಮೂರು ಮೊಳ ದೂರದಲ್ಲಿ ಕೂತ. ಲೇಕುನ್ ಕೂತಳು. ಬಂದವರೆಲ್ಲ ಕೂತರು. ಬಾಗಿಲವರೆಗೆ ಜಾಗ ತುಂಬಿತು. ಗುಮಾಸ್ತ ಒಳಗೆ ಹೋದ, ಹೊರಗೆ ಬಂದ, ಫೋನು ಮಾಡಿದ. ಊಟದ ಹೊತ್ತು ಮೀರಿತು. ಯಾರೂ ಏಳಲಿಲ್ಲ. ಕೊನೆಗೆ ಅವನು ಒಂದು ಬಿಳಿ ಹಾಳೆ ತೆಗೆದುಕೊಂಡು, ಕೌಂಟರು ದಾಟಿ ಬಂದು, ಅವಳೆದುರು ಮೊಣಕಾಲೂರಿ ಕೂತ.

"ಹೇಳಿ, ಎಷ್ಟು ಮನೆ ಅಂತ ಬರೀಲಿ? ಹತ್ತೊಂಬತ್ತು?"

"ನಲವತ್ತೊಂದು ಅಂತ ಬರಿ."

"ಇಲ್ಲಿ ಹತ್ತೊಂಬತ್ತೇ ಇದೆ ಅಜ್ಜಿ. ಉಳಿದ ಇಪ್ಪತ್ತೆರಡು?"

ಅಸುಯ್ ಅವಳ ಕಡೆ ನೋಡಿದ.

"ಅವರೂ ಕೊಟ್ಟಿದ್ರು," ಎಂದಳು ಬೋಂಗ್ಯೋ. "ತಂದೋಳು ನಾನು, ಕೊಡಲಿಲ್ಲ. ಅದನ್ನೂ ಬರಿ. ನನ್ನ ಹೆಸರು ಹಾಕಿ ಬರಿ."